ಅಮ್ಮನ ಮಂಡಿಗೆ ಈಗಲೇ ಶಸ್ತ್ರಚಿಕಿತ್ಸೆ ಬೇಕೇ? ಅನುಭವವಿದ್ದವರು ದಯವಿಟ್ಟು ತಿಳಿಸಿ

ಡೊಂಬಿವಲಿ ಮಗಳು | ಸೋಮವಾರ, ರಾತ್ರಿ 10.20

ಎಲ್ಲರಿಗೂ ನಮಸ್ಕಾರ. ನಾವು ಡೊಂಬಿವಲಿ ಪೂರ್ವದಲ್ಲಿ ಲಿಫ್ಟ್ ಇಲ್ಲದ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ವಾಸವಾಗಿದ್ದೇವೆ. ನನ್ನ ತಾಯಿಗೆ 69 ವರ್ಷ, ತೂಕ 78 ಕಿಲೋ, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಐದಾರು ವರ್ಷಗಳಿಂದ ಇದ್ದ ಮಂಡಿನೋವು ಈಗ ಮಿತಿ ಮೀರಿದೆ. ನೆಲದ ಮೇಲೆ ಕುಳಿತರೆ ಇಬ್ಬರು ಹಿಡಿದೆತ್ತಬೇಕು. ಮೆಟ್ಟಿಲಿಗೆ ಹೆದರಿ ಅವರು ಕೆಳಗಿಳಿದು ಮೂರು ತಿಂಗಳಾಯಿತು. ಎಕ್ಸ್‌ರೇ ನೋಡಿದ ಶಸ್ತ್ರವೈದ್ಯರೊಬ್ಬರು, ಸವೆತ ಮೂರನೆಯ ಹಂತದಲ್ಲಿದೆ, ಎರಡೂ ಮಂಡಿಗಳನ್ನು ಒಟ್ಟಿಗೇ ಬದಲಿಸಿಬಿಡೋಣ ಎಂದು ಐದು ನಿಮಿಷಗಳಲ್ಲಿ ಹೇಳಿ ಕಳುಹಿಸಿದರು. ಅಮ್ಮ ಒಪ್ಪುತ್ತಿಲ್ಲ. ಕೆಳಮಹಡಿಯವರು ತರಿಸಿಕೊಟ್ಟ ಗಂಟುನೋವಿನ ಪುಡಿಯಿಂದ ಸ್ವಲ್ಪ ಆರಾಮವಿದೆ, ಅದೇ ಸಾಕು ಎನ್ನುತ್ತಾರೆ.

ಶಸ್ತ್ರಚಿಕಿತ್ಸೆ ಮಾಡಿಸಬೇಕೇ, ಮಾಡಿಸಿದರೆ ಒಂದೊಂದಾಗಿಯೇ ಅಥವಾ ಒಟ್ಟಿಗೇ, ಖರ್ಚು ಎಷ್ಟಾಗಬಹುದು ಎಂಬುದನ್ನು ಅನುಭವಸ್ಥರು ತಿಳಿಸಿದರೆ ಉಪಕಾರವಾಗುತ್ತದೆ.

ಇದು ನಮ್ಮ ಮನೆತನಕ್ಕೇ ಅಂಟಿದ ಕಾಯಿಲೆಯೆಂದು ತೋರುತ್ತದೆ. ನನಗಿನ್ನೂ 43 ವರ್ಷ, ಆದರೆ ಎರಡು ತಿಂಗಳಿಂದ ಬೆಳಿಗ್ಗೆ ಏಳುವಾಗ ನನ್ನ ಎರಡೂ ಕೈಗಳ ಬೆರಳುಗಳು ಬಿಗಿದುಕೊಂಡಿರುತ್ತವೆ, ಡಬ್ಬಿಗೆ ಚಪಾತಿ ಲಟ್ಟಿಸುವುದೇ ಕಷ್ಟ. ಕಚೇರಿ ತಲುಪುವ ಹೊತ್ತಿಗೆ ಸಡಿಲವಾಗುತ್ತವೆ. ನನ್ನದಿರಲಿ, ಅಮ್ಮನದು ಮೊದಲು ಆಗಬೇಕು.

ಮಾಟುಂಗಾ ಹಿರಿಯ | ಸೋಮವಾರ, ರಾತ್ರಿ 10.55

ತಂಗೀ, ಹೆದರಬೇಡಿರಿ. ನನಗೆ 74 ವರ್ಷ, ಎರಡೂ ಮಂಡಿಗಳನ್ನು ಆರು ತಿಂಗಳ ಅಂತರದಲ್ಲಿ ಬದಲಿಸಿಕೊಂಡಿದ್ದೇನೆ. ಈಗ ದಿನವೂ ಬೆಳಿಗ್ಗೆ ಫೈವ್ ಗಾರ್ಡನ್ಸ್‌ನಲ್ಲಿ ಎರಡು ಸುತ್ತು ಹಾಕುತ್ತೇನೆ. ಪ್ರಧಾನಿಯಾಗಿದ್ದಾಗಲೇ ವಾಜಪೇಯಿಯವರು ಇದೇ ಮುಂಬಯಿಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ 2000ದ ಅಕ್ಟೋಬರಿನಲ್ಲಿ ಒಂದು ಮಂಡಿ, 2001ರ ಜೂನ್‌ನಲ್ಲಿ ಇನ್ನೊಂದು ಮಂಡಿ ಹೀಗೆ ಡಾ. ಚಿತ್ತರಂಜನ ರಾಣಾವತ್ ಅವರಿಂದ ಬದಲಿಸಿಕೊಂಡದ್ದು ನಮ್ಮ ತಲೆಮಾರಿನವರಿಗೆಲ್ಲ ನೆನಪಿದೆ. ಆಗ ಇದು ದೊಡ್ಡ ಸುದ್ದಿ, ಈಗ ದಿನನಿತ್ಯದ ಕೆಲಸ.

ಖರ್ಚಿನ ವಿಷಯ: ಮೊದಲು ಕೃತಕ ಕೀಲಿಗೇ ಮನಬಂದಷ್ಟು ಹಣ ಕೇಳುತ್ತಿದ್ದರು. 2017ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರವು ಸಾಮಾನ್ಯ ಕೋಬಾಲ್ಟ್-ಕ್ರೋಮಿಯಂ ಮಂಡಿಕೀಲಿಗೆ ತೆರಿಗೆ ಬಿಟ್ಟು 54,720 ರೂಪಾಯಿಗಳ ಮಿತಿ ಹಾಕಿತು. ಅನಂತರ ದರ ಪರಿಷ್ಕರಣೆ ಆಗುತ್ತಾ ಬಂದಿದೆ. ಆದರೆ ಕೊಠಡಿ, ಅರಿವಳಿಕೆ, ವೈದ್ಯರ ಶುಲ್ಕಗಳಿಗೆ ಆ ಮಿತಿ ಅನ್ವಯಿಸುವುದಿಲ್ಲವಾದ್ದರಿಂದ, ಬಿಲ್ಲಿನಲ್ಲಿ ಕೀಲಿನ ಬೆಲೆಯನ್ನು ಬೇರೆಯಾಗಿ ತೋರಿಸುವಂತೆ ಮೊದಲೇ ಕೇಳಿಕೊಳ್ಳಿರಿ. ನನಗಿರುವ ಒಂದೇ ಕೊರಗು ಎಂದರೆ ಐದು ವರ್ಷ ಸುಮ್ಮನೆ ಮುಂದೂಡಿದ್ದು.

ಪುಣೆ ಫಿಸಿಯೋ | ಸೋಮವಾರ, ರಾತ್ರಿ 11.30

ಹಿರಿಯರ ಅನುಭವವನ್ನು ಗೌರವಿಸುತ್ತಲೇ ಒಂದು ಆಕ್ಷೇಪ ಎತ್ತುತ್ತೇನೆ. ಎಕ್ಸ್‌ರೇಯ ಹಂತ ನೋಡಿ ಶಸ್ತ್ರಚಿಕಿತ್ಸೆ ನಿರ್ಧರಿಸಬಾರದು. ಚಿತ್ರದಲ್ಲಿ ತೀವ್ರ ಸವೆತವಿದ್ದೂ ಹಾಯಾಗಿ ನಡೆಯುವವರನ್ನು, ಅಲ್ಪ ಸವೆತದಲ್ಲೇ ನರಳುವವರನ್ನು ನಾನು ಕೋಥ್ರೂಡಿನಲ್ಲಿ ದಿನವೂ ನೋಡುತ್ತೇನೆ. ಔಷಧ, ವ್ಯಾಯಾಮ, ತೂಕ ಇಳಿಕೆ ಎಲ್ಲವನ್ನೂ ಶ್ರದ್ಧೆಯಿಂದ ಮಾಡಿದ ಮೇಲೂ ರಾತ್ರಿ ನಿದ್ರೆ ಕೆಡಿಸುವ ನೋವು ಉಳಿದರೆ, ಮನೆಯೊಳಗಿನ ಓಡಾಟವೇ ನಿಂತುಹೋದರೆ ಆಗ ಶಸ್ತ್ರಚಿಕಿತ್ಸೆ ನಿಜಕ್ಕೂ ವರದಾನ. ಆದರೆ ನಿಮ್ಮ ತಾಯಿ ಇದುವರೆಗೆ ಒಂದು ದಿನವಾದರೂ ಕ್ರಮಬದ್ಧ ವ್ಯಾಯಾಮ ಮಾಡಿದ್ದಾರೆಯೇ ಎಂಬುದನ್ನು ನೀವು ಬರೆದಿಲ್ಲ.

ತೊಡೆಯ ಮುಂಭಾಗದ ಸ್ನಾಯು ಮಂಡಿಯ ಭಾರವನ್ನು ಹೊರುವ ಆಳು. ನೋವಿಗೆ ಹೆದರಿ ಕುಳಿತುಬಿಟ್ಟರೆ ಆ ಸ್ನಾಯು ಸೊರಗುತ್ತದೆ, ಅದು ಸೊರಗಿದರೆ ಕೀಲಿನ ಮೇಲೆ ಭಾರ ಹೆಚ್ಚುತ್ತದೆ, ಭಾರ ಹೆಚ್ಚಿದರೆ ನೋವು ಇನ್ನಷ್ಟು. ಕುರ್ಚಿಯಲ್ಲಿ ಕುಳಿತು ಒಂದು ಕಾಲನ್ನು ನೇರವಾಗಿ ಚಾಚಿ, ತೊಡೆಯನ್ನು ಬಿಗಿಹಿಡಿದು ಐದು ಸೆಕೆಂಡು ನಿಲ್ಲಿಸಿ ನಿಧಾನವಾಗಿ ಇಳಿಸಲಿ. ಪ್ರತಿ ಕಾಲಿಗೆ ಹತ್ತು ಬಾರಿ. ಮಂಚದ ಮೇಲೆ ಕಾಲು ಚಾಚಿ, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಅದನ್ನು ಒತ್ತುವುದು ಇನ್ನೊಂದು. ಮೊದಲ ವಾರ ಸ್ವಲ್ಪ ಮೈನೋವು ಬರುತ್ತದೆ, ಅದಕ್ಕೆ ಅಂಜಬಾರದು. ಫಲ ತಿಳಿಯಲು ಆರರಿಂದ ಎಂಟು ವಾರ ಬೇಕು.

ತೂಕದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಒಂದು ಕಿಲೋ ತೂಕ ಇಳಿದರೆ ನಡೆಯುವಾಗ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋದಷ್ಟು ತಗ್ಗುತ್ತದೆ. ನಿಮ್ಮ ತಾಯಿ ನಾಲ್ಕು ಕಿಲೋ ಇಳಿಸಿದರೂ ವ್ಯತ್ಯಾಸ ಅವರಿಗೇ ಗೊತ್ತಾಗುತ್ತದೆ.

ಠಾಣೆ ಓದುಗ | ಸೋಮವಾರ, ರಾತ್ರಿ 11.42

ಸವೆದ ಬೇರಿಂಗನ್ನು ಮತ್ತೆ ಮತ್ತೆ ತಿರುಗಿಸಿದರೆ ಇನ್ನಷ್ಟು ಸವೆಯುವುದಿಲ್ಲವೇ? ಈ ವ್ಯಾಯಾಮದ ಮಾತು ನನಗೆ ಎಂದೂ ಅರ್ಥವಾಗಿಲ್ಲ.

ಪುಣೆ ಫಿಸಿಯೋ | ಸೋಮವಾರ, ರಾತ್ರಿ 11.58

ಬೇರಿಂಗ್ ನಿರ್ಜೀವ, ಕೀಲು ಸಜೀವ. ಎಲುಬಿನ ತುದಿಯನ್ನು ಮುಚ್ಚಿರುವ ಮೃದ್ವಸ್ಥಿಗೆ ರಕ್ತನಾಳಗಳೇ ಇಲ್ಲ. ಸುತ್ತಲಿನ ಕೀಲುದ್ರವವೇ ಅದರ ಆಹಾರ. ಸ್ಪಂಜನ್ನು ಒತ್ತಿ ಬಿಟ್ಟಾಗ ನೀರು ಹೊರಹೋಗಿ ಒಳಬರುವಂತೆ, ನಡೆದಾಗ ಆ ದ್ರವ ಮೃದ್ವಸ್ಥಿಯೊಳಗೆ ಹೋಗಿ ಬರುತ್ತದೆ. ಕುಳಿತೇ ಇರುವ ಕೀಲು ಉಪವಾಸ ಬೀಳುತ್ತದೆ. ಅಳತೆ ಮೀರಿ ಭಾರ ಎತ್ತುವುದು, ಗಂಟೆಗಟ್ಟಲೆ ಕುಕ್ಕರಗಾಲಿನಲ್ಲಿ ಕೂರುವುದು ಬೇರೆ ಮಾತು.

ಘಾಟ್‌ಕೋಪರ್ ಹೋಟೆಲಿಗ | ಮಂಗಳವಾರ, ಬೆಳಿಗ್ಗೆ 6.10

ನಾನು ಹದಿನಾರನೆಯ ವಯಸ್ಸಿನಲ್ಲಿ ಕುಂದಾಪುರದಿಂದ ಬಂದು ಮೂವತ್ತೆರಡು ವರ್ಷ ದೋಸೆಕಲ್ಲಿನ ಮುಂದೆ ನಿಂತವನು. ನಮ್ಮ ಕೆಲಸದವರಲ್ಲಿ ಮಂಡಿ ನೋಯದವನೇ ಇಲ್ಲ. ಗ್ಲುಕೋಸಮೈನ್ ಎಂಬ ಮಾತ್ರೆಯನ್ನು ತಿಂಗಳಿಗೆ ಸಾವಿರ ರೂಪಾಯಿ ಕೊಟ್ಟು ಎರಡು ವರ್ಷ ತಿಂದೆ. ಅದರಿಂದ ಉಪಯೋಗ ಆಯಿತೋ ಇಲ್ಲವೋ ಎಂದು ಇಂದಿಗೂ ಹೇಳಲಾರೆ. ಇದರ ಬಗ್ಗೆ ತಿಳಿದವರು ಹೇಳಬೇಕು.

ಪುಣೆ ಫಿಸಿಯೋ | ಮಂಗಳವಾರ, ಬೆಳಿಗ್ಗೆ 7.25

ಅಣ್ಣ, ಸಂಧಿವಾತ ತಜ್ಞರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿಯ 2019ರ ಮಾರ್ಗಸೂಚಿ ಮಂಡಿ ಸವೆತಕ್ಕೆ ಗ್ಲುಕೋಸಮೈನ್ ಬೇಡವೆಂದೇ ಸ್ಪಷ್ಟವಾಗಿ ಹೇಳುತ್ತದೆ. ಅದೇ ಮಾರ್ಗಸೂಚಿ ಬಲವಾಗಿ ಬೇಕೆನ್ನುವುದು ವ್ಯಾಯಾಮ, ತೂಕ ಇಳಿಕೆ ಮತ್ತು ಮಂಡಿಗೆ ಹಚ್ಚುವ ನೋವುನಿವಾರಕ ಜೆಲ್. ಆ ಸಾವಿರ ರೂಪಾಯಿಯಲ್ಲಿ ಮೆತ್ತನೆಯ ಅಟ್ಟೆಯ ಒಂದು ಜೊತೆ ಒಳ್ಳೆಯ ಬೂಟು ಕೊಂಡುಕೊಳ್ಳಿ. ನಿಂತಲ್ಲಿ ಐದಾರು ಇಂಚಿನ ಮಣೆಯಿಟ್ಟು ಒಂದೊಂದು ಕಾಲನ್ನು ಸರದಿಯಲ್ಲಿ ಅದರ ಮೇಲಿಡಿ, ಸೊಂಟಕ್ಕೂ ವಿಶ್ರಾಂತಿ ಸಿಗುತ್ತದೆ.

ಮುಲುಂಡ್ ಸಿಸ್ಟರ್ | ಮಂಗಳವಾರ, ಬೆಳಿಗ್ಗೆ 8.15

ಎಲ್ಲರೂ ತಾಯಿಯ ಮಂಡಿಯ ಬಗ್ಗೆಯೇ ವಾದಿಸುತ್ತಿದ್ದೀರಿ. ಮಗಳು ಕೊನೆಯಲ್ಲಿ ಬರೆದ ನಾಲ್ಕು ಸಾಲುಗಳನ್ನು ಯಾರೂ ಗಮನಿಸಲಿಲ್ಲವೇ? ನಾನು ಮೂವತ್ತೊಂದು ವರ್ಷ ಮುಂಬಯಿಯ ಸರಕಾರಿ ಆಸ್ಪತ್ರೆಗಳಲ್ಲಿ ದಾದಿಯಾಗಿ ದುಡಿದು ನಿವೃತ್ತಳಾದವಳು. ಈ ಚರ್ಚೆಯಲ್ಲಿ ಅವಸರವಿರುವುದು 69ರ ಮಂಡಿಗಲ್ಲ, 43ರ ಬೆರಳುಗಳಿಗೆ.

ಮಗೂ, ಈ ಪ್ರಶ್ನೆಗಳಿಗೆ ಉತ್ತರ ಕೊಡು. ಬೆಳಿಗ್ಗೆಯ ಬಿಗಿತ ಎಷ್ಟು ಹೊತ್ತು ಇರುತ್ತದೆ? ಬೆರಳಿನ ಯಾವ ಗಂಟು ನೋಯುತ್ತದೆ, ಉಗುರಿನ ಹತ್ತಿರದ್ದೋ, ಬುಡದ್ದೋ? ಊತವಿದೆಯೇ? ಎರಡೂ ಕೈಗಳಲ್ಲಿ ಸಮನಾಗಿದೆಯೇ? ಆಯಾಸ, ಸಣ್ಣಜ್ವರ, ಹಸಿವಾಗದಿರುವುದು ಏನಾದರೂ ಇದೆಯೇ? ಪಾದದ ಬೆರಳುಗಳ ಬುಡವನ್ನು ಒತ್ತಿದರೆ ನೋಯುತ್ತದೆಯೇ?

ಡೊಂಬಿವಲಿ ಮಗಳು | ಮಂಗಳವಾರ, ಬೆಳಿಗ್ಗೆ 9.05

ಸಿಸ್ಟರ್, ಲೋಕಲ್‌ನಲ್ಲಿ ನಿಂತುಕೊಂಡೇ ಬರೆಯುತ್ತಿದ್ದೇನೆ. ಬಿಗಿತ ಒಂದೂವರೆ ಗಂಟೆಗಿಂತ ಕಡಿಮೆ ಇರುವುದಿಲ್ಲ. ಬುಡದ ಗಂಟುಗಳು ಮತ್ತು ನಡುವಿನ ಗಂಟುಗಳು ಎರಡೂ ಕೈಗಳಲ್ಲಿ ಸಮನಾಗಿ ಊದಿಕೊಂಡಿವೆ, ಮದುವೆಯ ಉಂಗುರವನ್ನು ಸೋಪು ಹಚ್ಚಿ ತೆಗೆಯಬೇಕಾಯಿತು. ಮಣಿಕಟ್ಟೂ ನೋಯುತ್ತದೆ. ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಡುವಾಗ ಹರಳುಕಲ್ಲಿನ ಮೇಲೆ ಕಾಲಿಟ್ಟಂತಾಗುತ್ತದೆ. ಆಯಾಸ ಬಹಳ. ಅದನ್ನು ನಾನು ಕೆಲಸದ ಒತ್ತಡವೆಂದುಕೊಂಡಿದ್ದೆ.

ಮುಲುಂಡ್ ಸಿಸ್ಟರ್ | ಮಂಗಳವಾರ, ಬೆಳಿಗ್ಗೆ 9.50

ಹಾಗಾದರೆ ಇದು ನಿನ್ನ ತಾಯಿಯ ಕಾಯಿಲೆಯಲ್ಲ. ತಾಯಿಯದು ಸವೆತದ ಸಂಧಿವಾತ: ಬೆಳಿಗ್ಗೆ ಹತ್ತಿಪ್ಪತ್ತು ನಿಮಿಷ ಬಿಗಿತ, ಓಡಾಡಿದಷ್ಟೂ ನೋವು ಹೆಚ್ಚು, ಕುಳಿತರೆ ಕಡಿಮೆ. ನೀನು ಹೇಳುತ್ತಿರುವುದು ಅದಕ್ಕೆ ತಿರುವುಮುರುವು: ವಿಶ್ರಾಂತಿಯಲ್ಲಿದ್ದಾಗ ಬಿಗಿತ, ಕೈಯಾಡಿಸಿದಂತೆ ಸಡಿಲ. ಅರ್ಧ ಗಂಟೆ ಮೀರಿದ ಬೆಳಗಿನ ಬಿಗಿತ, ಸಣ್ಣ ಗಂಟುಗಳ ಊತ, ಎರಡೂ ಬದಿ ಸಮನಾಗಿರುವುದು, ಆರು ವಾರ ದಾಟಿರುವುದು ಇವೆಲ್ಲ ಕೂಡಿದಾಗ ವೈದ್ಯರು ಮೊದಲು ಶಂಕಿಸುವುದು ರುಮಟಾಯ್ಡ್ ಸಂಧಿವಾತವನ್ನು. ಅದರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಕೀಲುಗಳ ಒಳಪೊರೆಯ ಮೇಲೆ ದಾಳಿ ಮಾಡುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಅಲಕ್ಷಿಸಿದರೆ ಎಲುಬೇ ಕೊರೆದುಹೋಗಿ ಬೆರಳುಗಳು ಸೊಟ್ಟಗಾಗುತ್ತವೆ, ಒಮ್ಮೆ ಸೊಟ್ಟಗಾದದ್ದನ್ನು ಔಷಧಿ ನೇರ ಮಾಡುವುದಿಲ್ಲ. ಮೊದಲ ಕೆಲವು ತಿಂಗಳಲ್ಲೇ ಚಿಕಿತ್ಸೆ ಆರಂಭಿಸಿದವರ ಬೆರಳುಗಳು ಉಳಿಯುತ್ತವೆ.

ಇದನ್ನು ಮೂಳೆಯ ಶಸ್ತ್ರವೈದ್ಯರಿಗಲ್ಲ, ಸಂಧಿವಾತ ತಜ್ಞರಿಗೆ, ಅಂದರೆ ರುಮಟಾಲಜಿಸ್ಟರಿಗೆ ತೋರಿಸಬೇಕು. ಈ ವಾರವೇ ಹೋಗು. ಉರಿಯೂತ ತೋರಿಸುವ ಇ.ಎಸ್.ಆರ್., ಸಿ.ಆರ್.ಪಿ., ಈ ಕಾಯಿಲೆಯ ಸುಳಿವು ಕೊಡುವ ರುಮಟಾಯ್ಡ್ ಫ್ಯಾಕ್ಟರ್, ಆಂಟಿ-ಸಿ.ಸಿ.ಪಿ. ಎಂಬ ರಕ್ತಪರೀಕ್ಷೆಗಳನ್ನು, ಕೈಗಳ ಎಕ್ಸ್‌ರೇಯನ್ನು ಅವರು ಕೇಳಬಹುದು. ಊದಿದ ಕೈಯ ಫೋಟೋವನ್ನು ಬೆಳಿಗ್ಗೆಯೇ ತೆಗೆದಿಟ್ಟುಕೋ, ಸಂಜೆ ತೋರಿಸುವಾಗ ಊತ ಇಳಿದಿರುತ್ತದೆ.

ಸದಾಶಿವ ಪೇಠೆ ಅಜ್ಜಿ | ಮಂಗಳವಾರ, ಬೆಳಿಗ್ಗೆ 11.15

ಸಿಸ್ಟರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸಲೇಬೇಕು. ನನ್ನ ನಾದಿನಿಗೆ ಇವೇ ಲಕ್ಷಣಗಳಿದ್ದವು. ರುಮಟಾಯ್ಡ್ ಫ್ಯಾಕ್ಟರ್ ನೆಗೆಟಿವ್ ಬಂದ ಒಂದೇ ಕಾರಣಕ್ಕೆ ಒಬ್ಬ ವೈದ್ಯರು ಇದು ಬರೇ ಸುಸ್ತು ಎಂದು ಟಾನಿಕ್ ಬರೆದುಕೊಟ್ಟರು. ಎರಡು ವರ್ಷ ಹಾಗೇ ಕಳೆದವು. ಈಗ ಅವಳಿಗೆ ಹೂ ಕಟ್ಟಲು ಬರುವುದಿಲ್ಲ. ಆ ಪರೀಕ್ಷೆ ನೆಗೆಟಿವ್ ಇದ್ದೂ ಕಾಯಿಲೆ ಇರಬಹುದು, ಕಾಯಿಲೆಯಿಲ್ಲದ ವೃದ್ಧರಲ್ಲೂ ಅದು ಪಾಸಿಟಿವ್ ಬರಬಹುದು. ಕಾಗದವನ್ನು ನೋಡುವವರ ಬಳಿಗಲ್ಲ, ಕೈಯನ್ನು ಹಿಡಿದು ಒಂದೊಂದು ಗಂಟನ್ನೂ ಒತ್ತಿ ನೋಡುವವರ ಬಳಿಗೆ ಹೋಗಮ್ಮ.

ಪಿಂಪ್ರಿ ಇಂಜಿನಿಯರ್ | ಮಂಗಳವಾರ, ಮಧ್ಯಾಹ್ನ 1.30

ಚಿಕುನ್‌ಗುನ್ಯಾ ಆಗಿರಬಾರದೇಕೆ? ಕಳೆದ ಮಳೆಗಾಲದಲ್ಲಿ ನಮ್ಮ ಸೊಸೈಟಿಯಲ್ಲಿ ಹಲವರಿಗೆ ಬಂದಿತ್ತು. ಜ್ವರ ಐದು ದಿನಕ್ಕೆ ಬಿಟ್ಟರೂ ನನ್ನ ಹೆಂಡತಿಯ ಬೆರಳು, ಮಣಿಕಟ್ಟು ನಾಲ್ಕು ತಿಂಗಳು ನೋಯುತ್ತಿದ್ದವು. ಆ ಪದವೇ ಪೂರ್ವ ಆಫ್ರಿಕಾದ ಮಕೊಂಡೆ ಭಾಷೆಯದು, ನೋವಿನಿಂದ ಬಾಗಿಹೋಗುವುದು ಎಂಬ ಅರ್ಥ. 2006ರಲ್ಲಿ ಕರ್ನಾಟಕ, ಮಹಾರಾಷ್ಟ್ರಗಳಲ್ಲಿ ಅದು ಹಬ್ಬಿದಾಗ ನಮ್ಮ ಕಲಬುರಗಿಯ ಕಡೆ ಹಳ್ಳಿಗೆ ಹಳ್ಳಿಯೇ ಮಲಗಿದ್ದನ್ನು ನೋಡಿದ್ದೇನೆ.

ಮುಲುಂಡ್ ಸಿಸ್ಟರ್ | ಮಂಗಳವಾರ, ಮಧ್ಯಾಹ್ನ 2.10

ಬಹಳ ಒಳ್ಳೆಯ ಪ್ರಶ್ನೆ, ವೈದ್ಯರೂ ಅದನ್ನು ಕೇಳಿಯೇ ಕೇಳುತ್ತಾರೆ. ಚಿಕುನ್‌ಗುನ್ಯಾದ ನಂತರದ ಗಂಟುನೋವು ರುಮಟಾಯ್ಡ್‌ನಂತೆಯೇ ಕಾಣಬಹುದು. ಮಗೂ, ಈ ಎರಡು ತಿಂಗಳಿಗೆ ಮೊದಲು ಜೋರು ಜ್ವರ, ಮೈಮೇಲೆ ದದ್ದು ಬಂದಿದ್ದರೆ ಮರೆಯದೆ ತಿಳಿಸು. ಇನ್ನೊಂದು ಮಾತು ಎಲ್ಲರಿಗೂ: ಒಂದೇ ಕೀಲು ಹಠಾತ್ತನೆ ಕೆಂಪಾಗಿ, ಬಿಸಿಯಾಗಿ ಊದಿ, ಜೊತೆಗೆ ಜ್ವರ ಬಂದರೆ ಕೀಲಿನೊಳಗೆ ಕೀವು ಆಗಿರಬಹುದು. ಅದಕ್ಕೆ ಮರುದಿನದವರೆಗೂ ಕಾಯಬಾರದು, ಅದೇ ರಾತ್ರಿ ಆಸ್ಪತ್ರೆಗೆ ಹೋಗಬೇಕು.

ವಾಸ್ಕೋ ಚಾಲಕ | ಮಂಗಳವಾರ, ಸಂಜೆ 7.40

ಅಕ್ಕಾವರೇ, ನಾನು ವಿಜಯಪುರ ಜಿಲ್ಲೆಯವನು, ಹದಿನೆಂಟು ವರ್ಷಗಳಿಂದ ಗೋವಾದಲ್ಲಿ ಟ್ಯಾಕ್ಸಿ ಓಡಿಸುತ್ತೇನೆ. ಕೆಂಪಾಗಿ ಊದುವ ಒಂದೇ ಕೀಲು ಎಂದಿರಿ. ನನಗೆ ಹೋದ ವರ್ಷ ರಾತ್ರಿ ಎರಡು ಗಂಟೆಗೆ ಎಡಗಾಲಿನ ಹೆಬ್ಬೆರಳ ಬುಡ ಹಾಗೆಯೇ ಊದಿತು, ಹೊದಿಕೆ ತಾಗಿದರೂ ಕೂಗುವಷ್ಟು ನೋವು, ಜ್ವರ ಮಾತ್ರ ಇರಲಿಲ್ಲ. ಮರುದಿನ ಯೂರಿಕ್ ಆಸಿಡ್ ಪರೀಕ್ಷೆ ಮಾಡಿಸಿದರೆ ಸರಿಯಾಗಿಯೇ ಇದೆ ಎಂದರು. ಆರು ತಿಂಗಳಲ್ಲಿ ಇನ್ನೂ ಎರಡು ಸಲ ಬಂತು. ಬೇಳೆ, ಟೊಮೆಟೊ, ಪಾಲಕ್ ಬಿಡು ಎಂದು ಎಲ್ಲರೂ ಹೇಳಿದರು, ಬಿಟ್ಟೆ. ಬಂಗುಡೆ, ತಾರ್ಲೆ ಮೀನು, ಬಿಯರ್ ಮಾತ್ರ ಬಿಡಲಿಲ್ಲ, ಅವುಗಳ ಬಗ್ಗೆ ಯಾರೂ ಹೇಳಿರಲಿಲ್ಲ.

ಮುಲುಂಡ್ ಸಿಸ್ಟರ್ | ಮಂಗಳವಾರ, ರಾತ್ರಿ 8.30

ತಮ್ಮಾ, ನಿನಗೆ ಬಿಡಿಸಿದ್ದು ತಪ್ಪು, ಉಳಿಸಿದ್ದೂ ತಪ್ಪು. ನೀನು ವರ್ಣಿಸಿದ್ದು ಗೌಟ್‌ನಂತಿದೆ. ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಾಗಿ ಸೂಜಿಯಂಥ ಹರಳುಗಳಾಗಿ ಕೀಲಿನಲ್ಲಿ ಕೂರುತ್ತದೆ. ನೋವು ಬಂದಿರುವ ದಿನಗಳಲ್ಲೇ ಪರೀಕ್ಷಿಸಿದರೆ ಅದರ ಪ್ರಮಾಣ ಸಹಜವೆಂದು ಕಾಣಬಹುದು, ಆದ್ದರಿಂದ ನೋವು ಇಳಿದ ಎರಡು ವಾರಗಳ ಮೇಲೆ ಮತ್ತೆ ನೋಡಿಸಬೇಕು. ಅಮೆರಿಕದಲ್ಲಿ 47 ಸಾವಿರಕ್ಕೂ ಹೆಚ್ಚು ಗಂಡಸರನ್ನು 12 ವರ್ಷ ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಾಂಸ, ಮೀನು ಹೆಚ್ಚು ತಿಂದವರಿಗೆ ಗೌಟ್ ಹೆಚ್ಚು ಬಂದಿತ್ತು. ದೇಹದಲ್ಲಿ ಯೂರಿಕ್ ಆಮ್ಲವಾಗಿ ಮಾರ್ಪಡುವ ಪ್ಯೂರಿನ್ ಎಂಬ ವಸ್ತು ಇರುವ ತರಕಾರಿಗಳಿಂದ ಹೆಚ್ಚಲಿಲ್ಲ, ಹಾಲಿನ ಪದಾರ್ಥಗಳನ್ನು ಸೇವಿಸುವವರಲ್ಲಿ ಕಡಿಮೆಯೇ ಇತ್ತು. ನಿನ್ನ ಬೇಳೆ, ಪಾಲಕ್ ತಿನ್ನು, ದಿನವೂ ಮಜ್ಜಿಗೆ ಕುಡಿ, ಬಿಯರ್ ಬಿಡು. ವರ್ಷದಲ್ಲಿ ಎರಡು ಮೂರು ಸಲ ಬಂದಿರುವುದರಿಂದ ಪಥ್ಯವೊಂದೇ ಸಾಲದು. ಯೂರಿಕ್ ಆಮ್ಲವನ್ನು ಡೆಸಿಲೀಟರ್ ರಕ್ತಕ್ಕೆ 6 ಮಿಲಿಗ್ರಾಮ್‌ಗಿಂತ ಕೆಳಗಿಡುವ ಅಲೋಪ್ಯೂರಿನಾಲ್‌ನಂಥ ಮಾತ್ರೆಯ ಬಗ್ಗೆ ಬಾಂಬೋಲಿಯ ಗೋವಾ ಮೆಡಿಕಲ್ ಕಾಲೇಜಿನಲ್ಲಿ ಕೇಳು. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳು, ಅದರಿಂದಲೂ ಯೂರಿಕ್ ಆಮ್ಲ ಏರುತ್ತದೆ.

ಚೆಂಬೂರು ಆಯುರ್ವೇದಾಭಿಮಾನಿ | ಮಂಗಳವಾರ, ರಾತ್ರಿ 9.45

ಈ ಮೂರನ್ನೂ ನಮ್ಮ ಆಯುರ್ವೇದ ಎಂದೋ ಬೇರ್ಪಡಿಸಿದೆ ಎಂಬುದನ್ನು ಇಲ್ಲಿ ದಾಖಲಿಸಬೇಕು. ಸವೆತದ್ದು ಸಂಧಿಗತವಾತ, ಸಿಸ್ಟರ್ ವರ್ಣಿಸಿದ ಊತದ್ದು ಆಮವಾತಕ್ಕೆ ಹತ್ತಿರ, ಚಾಲಕರದ್ದು ವಾತರಕ್ತಕ್ಕೆ ಹತ್ತಿರ. ರೋಗಲಕ್ಷಣಗಳ ಹಳೆಯ ಗ್ರಂಥವಾದ ಮಾಧವನಿದಾನದಲ್ಲಿ ಆಮವಾತಕ್ಕೆ ಪ್ರತ್ಯೇಕ ಅಧ್ಯಾಯವೇ ಇದೆ. ಆದ್ದರಿಂದ ಪುಡಿಯಿಂದ ಆರಾಮವಾಗಿದೆ ಎಂದ ತಾಯಿಯವರ ಮಾತನ್ನು ಹಗುರವಾಗಿ ತಳ್ಳಿಹಾಕಬಾರದು.

ಮುಲುಂಡ್ ಸಿಸ್ಟರ್ | ಮಂಗಳವಾರ, ರಾತ್ರಿ 10.20

ನಾನು ಆಯುರ್ವೇದವನ್ನು ತಳ್ಳಿಹಾಕುತ್ತಿಲ್ಲ, ಹೆಸರಿಲ್ಲದ ಪುಡಿಯನ್ನು ಪ್ರಶ್ನಿಸುತ್ತಿದ್ದೇನೆ. ಆ ಪೊಟ್ಟಣದ ಮೇಲೆ ತಯಾರಕರ ಹೆಸರು, ಪರವಾನಗಿ ಸಂಖ್ಯೆ, ಒಳಗಿರುವ ಪದಾರ್ಥಗಳ ಪಟ್ಟಿ ಇವೆಯೇ? ಕೂತರೆ ಏಳಲಾರದವರಿಗೆ ಎರಡೇ ದಿನದಲ್ಲಿ ಆರಾಮ ಕೊಡುವ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸಿರುವುದನ್ನು ನಾನು ವಾರ್ಡಿನಲ್ಲಿ ಒಂದಲ್ಲ, ಹಲವು ಸಲ ನೋಡಿದ್ದೇನೆ. ಮಗೂ, ತಾಯಿಯ ಮುಖ ದುಂಡಗಾಗಿದೆಯೇ, ಚರ್ಮ ಸುಲಭವಾಗಿ ಕಂದುತ್ತದೆಯೇ, ಎಷ್ಟು ತಿಂಗಳಿಂದ ತೆಗೆದುಕೊಳ್ಳುತ್ತಿದ್ದಾರೆ? ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ತಿಂಗಳುಗಟ್ಟಲೆ ತಿಂದಿದ್ದರೆ ಇವತ್ತೇ ಹಠಾತ್ತನೆ ನಿಲ್ಲಿಸಿಬಿಡಬೇಡ. ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಮರೆತಿರುತ್ತದೆ, ಒಮ್ಮೆಲೇ ನಿಂತರೆ ಕುಸಿದುಬೀಳುವ ಅಪಾಯವಿದೆ. ಪೊಟ್ಟಣ ಹಿಡಿದುಕೊಂಡು ನಾಳೆಯೇ ವೈದ್ಯರ ಬಳಿಗೆ ಹೋಗು.

ಚೆಂಬೂರು ಆಯುರ್ವೇದಾಭಿಮಾನಿ | ಮಂಗಳವಾರ, ರಾತ್ರಿ 10.50

ಪಟ್ಟಿಯಿಲ್ಲದ ಪೊಟ್ಟಣವನ್ನು ನಾನೂ ಸಮರ್ಥಿಸುವುದಿಲ್ಲ. ನನ್ನ ಮಾತು ಅರ್ಹ ವೈದ್ಯರು ನಾಡಿ ನೋಡಿ ಕೊಡುವ ಔಷಧಿಗೆ ಮಾತ್ರ ಸಲ್ಲುತ್ತದೆ. ಈ ಸಂದರ್ಭದಲ್ಲಿ ಸಿಸ್ಟರ್ ಹೇಳಿದ್ದನ್ನೇ ಮಾಡಿರಿ.

ಠಾಣೆ ಓದುಗ | ಬುಧವಾರ, ಬೆಳಿಗ್ಗೆ 7.05

ಸ್ಟೀರಾಯ್ಡ್ ಇಷ್ಟು ಕೆಟ್ಟದ್ದಾದರೆ ವೈದ್ಯರೇ ಏಕೆ ಬರೆಯುತ್ತಾರೆ?

ಮಾಟುಂಗಾ ಹಿರಿಯ | ಬುಧವಾರ, ಬೆಳಿಗ್ಗೆ 9.30

ಇದರ ಹಿಂದೆ ಒಂದು ಚರಿತ್ರೆಯಿದೆ, ಔಷಧ ಕಂಪನಿಯಲ್ಲಿ ದುಡಿದವನಾದ್ದರಿಂದ ಹೇಳಬಲ್ಲೆ. ರುಮಟಾಯ್ಡ್ ಇರುವ ಹೆಂಗಸರು ಗರ್ಭಿಣಿಯರಾದಾಗ, ಕೆಲವರಿಗೆ ಕಾಮಾಲೆ ಬಂದಾಗ, ಗಂಟುಗಳ ಊತ ತಾನಾಗಿ ಇಳಿಯುವುದನ್ನು ಅಮೆರಿಕದ ಮೇಯೋ ಕ್ಲಿನಿಕ್‌ನ ಫಿಲಿಪ್ ಹೆಂಚ್ ಗಮನಿಸಿದರು. ದೇಹದಲ್ಲೇ ಯಾವುದೋ ವಸ್ತು ಹೀಗೆ ಮಾಡುತ್ತಿರಬೇಕೆಂದು ಊಹಿಸಿ 1948ರಲ್ಲಿ ನಡೆಯಲಾರದ ರೋಗಿಯೊಬ್ಬರಿಗೆ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೊಟ್ಟರು, ಅವರು ಕೆಲವೇ ದಿನಗಳಲ್ಲಿ ಎದ್ದು ನಡೆದಾಡಿದರು. 1950ರಲ್ಲಿ ಹೆಂಚ್, ಕೆಂಡಾಲ್, ರೈಕ್‌ಸ್ಟೈನ್ ಈ ಮೂವರಿಗೂ ನೊಬೆಲ್ ಬಂತು. ಆದರೆ ದೀರ್ಘಕಾಲ ಕೊಟ್ಟಾಗ ಎಲುಬು ಟೊಳ್ಳಾಗುವುದು, ಸಕ್ಕರೆ ಏರುವುದು, ಸೋಂಕು ಅಂಟುವುದು ಕಂಡುಬಂತು. ಈಗ ಒಳ್ಳೆಯ ವೈದ್ಯರು ಅದನ್ನು ಅಳೆದು ಕೊಡುತ್ತಾರೆ, ನಿಲ್ಲಿಸುವ ದಿನವನ್ನು ಮೊದಲೇ ಗೊತ್ತುಮಾಡಿ ಕೊಡುತ್ತಾರೆ. ಪುಡಿಯಲ್ಲಿ ಅಳತೆಯೂ ಇಲ್ಲ, ನಿಲ್ಲಿಸುವ ದಿನವೂ ಇಲ್ಲ.

ಡೆಕ್ಕನ್ ಯೋಗಾರ್ಥಿ | ಬುಧವಾರ, ಮಧ್ಯಾಹ್ನ 12.15

ಯಾರೂ ಯೋಗದ ಹೆಸರೆತ್ತಲಿಲ್ಲ. ಕೋಲಾರದ ಕಡೆಯ ಬೆಳ್ಳೂರಿನಲ್ಲಿ ಹುಟ್ಟಿ 1937ರಲ್ಲಿ ಪುಣೆಗೆ ಬಂದ ಬಿ.ಕೆ.ಎಸ್. ಅಯ್ಯಂಗಾರರು ಕುರ್ಚಿ, ಹಗ್ಗ, ಮರದ ಇಟ್ಟಿಗೆ, ಪಟ್ಟಿಗಳ ಆಸರೆಯಲ್ಲಿ ಆಸನ ಮಾಡಿಸುವ ಕ್ರಮವನ್ನು ರೂಪಿಸಿದ್ದು, ಬಾಗಲಾರದವರೂ ಮಾಡುವಂತಾಗಲಿ ಎಂದೇ. ನನಗೆ 61 ವರ್ಷ, ಬಲಮಂಡಿ ಸವೆದಿದೆ, ಕುರ್ಚಿ ಹಿಡಿದು ನಿಲ್ಲುವ ಆಸನಗಳಿಂದ ಮೂರು ವರ್ಷದಲ್ಲಿ ಬಹಳ ಸುಧಾರಿಸಿದ್ದೇನೆ. ವಜ್ರಾಸನ, ಪದ್ಮಾಸನಗಳನ್ನು ನನ್ನ ಶಿಕ್ಷಕರು ಮುಟ್ಟಗೊಡುವುದಿಲ್ಲ. ಟಿ.ವಿ. ನೋಡಿಕೊಂಡು ಹಟದಿಂದ ಮಂಡಿ ಮಡಚುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಘಾಟ್‌ಕೋಪರ್ ಹೋಟೆಲಿಗ | ಬುಧವಾರ, ಮಧ್ಯಾಹ್ನ 3.50

ದಾದರ್ ರೈಲು ನಿಲ್ದಾಣದ ಸೇತುವೆಯನ್ನು ದಿನಕ್ಕೆರಡು ಸಲ ಹತ್ತಿಳಿಯುವವರಿಗೆ ಬೇರೆ ವ್ಯಾಯಾಮ ಏಕೆ ಎಂದು ನನ್ನ ತಮ್ಮ ಕೇಳುತ್ತಾನೆ. ಅವನಿಗೆ ಏನು ಉತ್ತರ ಕೊಡಲಿ?

ಪುಣೆ ಫಿಸಿಯೋ | ಬುಧವಾರ, ಸಂಜೆ 5.20

ಗದ್ದಲದಲ್ಲಿ ನೂಕಿಸಿಕೊಂಡು ಹತ್ತುವುದು ಹೊರೆಯೇ ಹೊರತು ತರಬೇತಿಯಲ್ಲ ಎಂದು ಹೇಳಿ. ತೊಡೆಯನ್ನು ಬಲಪಡಿಸಿಕೊಂಡವನಿಗೆ ಅದೇ ಸೇತುವೆ ಹಗುರವಾಗುತ್ತದೆ. ನೋವಿರುವ ದಿನ ಎಸ್ಕಲೇಟರ್ ಹಿಡಿಯಲಿ.

ಡೊಂಬಿವಲಿ ಮಗಳು | ನಾಲ್ಕು ವಾರಗಳ ನಂತರ, ಭಾನುವಾರ, ಸಂಜೆ 6.30

ಎಲ್ಲರಿಗೂ ಉತ್ತರಿಸಲು ತಡವಾಯಿತು, ಕ್ಷಮಿಸಿ. ಸಿಸ್ಟರ್ ಹೇಳಿದಂತೆ ಅದೇ ವಾರ ಸಂಧಿವಾತ ತಜ್ಞರನ್ನು ಕಂಡೆ. ಅವರು ಮುಕ್ಕಾಲು ಗಂಟೆ ಕೂರಿಸಿಕೊಂಡು ಒಂದೊಂದು ಗಂಟನ್ನೂ ಒತ್ತಿ ನೋಡಿದರು. ರುಮಟಾಯ್ಡ್ ಫ್ಯಾಕ್ಟರ್ ಅಷ್ಟೇನೂ ಇಲ್ಲ, ಆದರೆ ಆಂಟಿ-ಸಿ.ಸಿ.ಪಿ. ಬಹಳ ಹೆಚ್ಚಿದೆ, ಸಿ.ಆರ್.ಪಿ.ಯೂ ಹೆಚ್ಚು. ಚಿಕುನ್‌ಗುನ್ಯಾ ಅಲ್ಲ. ರುಮಟಾಯ್ಡ್ ಸಂಧಿವಾತವೇ. ಎಕ್ಸ್‌ರೇಯಲ್ಲಿ ಎಲುಬು ಇನ್ನೂ ಕೊರೆದಿಲ್ಲ. ಆ ಮಾತು ಕೇಳಿ ನಾನು ಅಲ್ಲಿಯೇ ಅತ್ತುಬಿಟ್ಟೆ. ದೇಹದ ಆ ದಾಳಿಯನ್ನು ತಗ್ಗಿಸುವ ಮೆಥೋಟ್ರೆಕ್ಸೇಟ್ ಶುರುಮಾಡಿದ್ದಾರೆ, ಅದರ ಗುಣ ಕಾಣಲು ಆರರಿಂದ ಹನ್ನೆರಡು ವಾರ ಬೇಕಂತೆ. ಅಲ್ಲಿಯವರೆಗೆ ಸಣ್ಣ ಪ್ರಮಾಣದ ಸ್ಟೀರಾಯ್ಡ್ ಕೊಟ್ಟಿದ್ದಾರೆ, ಇಳಿಸುವ ದಿನಾಂಕಗಳನ್ನು ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ಬಿಗಿತ ಈಗ ಇಪ್ಪತ್ತು ನಿಮಿಷಕ್ಕೆ ಇಳಿದಿದೆ.

ಅಮ್ಮನ ಪುಡಿಯ ಪೊಟ್ಟಣದ ಮೇಲೆ ಒಂದು ಅಕ್ಷರವೂ ಇರಲಿಲ್ಲ. ನಾಲ್ಕು ತಿಂಗಳಿಂದ ತಿನ್ನುತ್ತಿದ್ದರಂತೆ, ನನಗೆ ಹೇಳಿದ್ದು ಒಂದು ತಿಂಗಳು ಎಂದು. ಮುಖ ದುಂಡಗಾದದ್ದನ್ನು ನಾವು ಆರೋಗ್ಯ ಎಂದುಕೊಂಡಿದ್ದೆವು. ಸಕ್ಕರೆಯೂ ಏರಿದೆ. ಸ್ಟೀರಾಯ್ಡ್ ಇದ್ದಿರಬೇಕೆಂದು ವೈದ್ಯರು ಲೆಕ್ಕ ಹಾಕಿ, ಅಳತೆಯ ಮಾತ್ರೆಗೆ ಬದಲಾಯಿಸಿ ಹಂತಹಂತವಾಗಿ ಇಳಿಸುತ್ತಿದ್ದಾರೆ. ಪುಡಿ ನಿಂತ ಮೇಲೆ ಮಂಡಿನೋವು ಹೆಚ್ಚಾಗಿ ಮೊದಲ ವಾರ ಅಮ್ಮ ನನ್ನೊಡನೆ ಮಾತೇ ಬಿಟ್ಟಿದ್ದರು. ಶಸ್ತ್ರಚಿಕಿತ್ಸೆಯನ್ನು ಸಕ್ಕರೆ ಹತೋಟಿಗೆ ಬಂದ ಮೇಲೆ ಯೋಚಿಸೋಣ, ಅಲ್ಲಿಯವರೆಗೆ ಮೂರು ತಿಂಗಳು ವ್ಯಾಯಾಮ ಎಂದು ಬೇರೆ ಶಸ್ತ್ರವೈದ್ಯರು ಹೇಳಿದ್ದಾರೆ. ಈಗ ಬೆಳಿಗ್ಗೆ ನಾವಿಬ್ಬರೂ ಕುರ್ಚಿ ಹಾಕಿಕೊಂಡು ಕೂರುತ್ತೇವೆ, ಅವರು ಕಾಲು ಚಾಚುತ್ತಾರೆ, ನಾನು ಬಿಸಿನೀರಿನಲ್ಲಿ ಬೆರಳು ಮಡಚಿ ಬಿಚ್ಚುತ್ತೇನೆ.

ಮುಲುಂಡ್ ಸಿಸ್ಟರ್ | ಭಾನುವಾರ, ಸಂಜೆ 7.15

ಎಲುಬು ಕೊರೆದಿಲ್ಲ ಎಂಬ ಮಾತನ್ನು ನಾನು ಮೂರು ಸಲ ಓದಿದೆ. ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಮಾತ್ರೆ. ತಪ್ಪಿ ದಿನವೂ ನುಂಗಿ ಪ್ರಾಣಾಪಾಯಕ್ಕೆ ಸಿಕ್ಕಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದಕ್ಕೇ ಕೇಳುತ್ತಿದ್ದೇನೆ: ವಾರದ ಯಾವ ದಿನವೆಂದು ಗೊತ್ತುಮಾಡಿದ್ದೀಯಾ? ಅಮ್ಮನ ಮಾತ್ರೆಗಳ ಡಬ್ಬಿಯಲ್ಲಿ ಅದನ್ನು ಇಡಬೇಡ. ಜೊತೆಗೆ ಕೊಡುವ ಫೋಲಿಕ್ ಆಸಿಡ್ ಎಂಬ ವಿಟಮಿನ್ ಬಿಡಬೇಡ, ವೈದ್ಯರು ಹೇಳಿದಾಗಲೆಲ್ಲ ರಕ್ತ ಮತ್ತು ಯಕೃತ್ತಿನ ಪರೀಕ್ಷೆ ತಪ್ಪಿಸಬೇಡ. ಬಾಯಿಹುಣ್ಣು, ಜ್ವರ, ಒಣಕೆಮ್ಮು ಬಂದರೆ ಮುಂದಿನ ಮಾತ್ರೆ ನುಂಗುವ ಮೊದಲು ಫೋನ್ ಮಾಡು.

ಡೊಂಬಿವಲಿ ಮಗಳು | ಭಾನುವಾರ, ಸಂಜೆ 7.40

ಗುರುವಾರ, ಸಿಸ್ಟರ್. ಕ್ಯಾಲೆಂಡರಿನಲ್ಲಿ ಪ್ರತಿ ಗುರುವಾರಕ್ಕೂ ಅಮ್ಮನೇ ಕುಂಕುಮದ ಬೊಟ್ಟಿಟ್ಟಿದ್ದಾರೆ. ರಾತ್ರಿ ಊಟವಾದ ಮೇಲೆ ಪಕ್ಕದಲ್ಲಿ ನಿಂತು ನುಂಗಿಸಿ, ಬೊಟ್ಟಿನ ಮೇಲೆ ಗೆರೆ ಎಳೆಯುತ್ತಾರೆ.

ವಾಸ್ಕೋ ಚಾಲಕ | ಭಾನುವಾರ, ರಾತ್ರಿ 9.00

ಅಕ್ಕಾವರೇ, ನಾನೂ ಬಾಂಬೋಲಿಗೆ ಹೋಗಿ ಬಂದೆ. ನೋವಿಲ್ಲದ ದಿನ ನೋಡಿದರೆ ಯೂರಿಕ್ ಆಸಿಡ್ 8.9 ಇತ್ತು. ಮಾತ್ರೆ ಶುರುವಾಗಿದೆ. ಬಿಯರ್ ಬಿಟ್ಟು ಇಪ್ಪತ್ತಾರು ದಿನ.

ಡೊಂಬಿವಲಿ ಮಗಳು | ಭಾನುವಾರ, ರಾತ್ರಿ 9.20

ಪುಣೆಯ ಫಿಸಿಯೋ ಅವರಿಗೆ ಒಂದು ಪ್ರಶ್ನೆ. ಮುಂದಿನ ಭಾನುವಾರ ಅಮ್ಮ ಕೆಳಗಿಳಿಯುತ್ತೇನೆ ಎನ್ನುತ್ತಿದ್ದಾರೆ. ಅವರಿಗೆ ಬಲಮಂಡಿಯ ನೋವು ಹೆಚ್ಚು. ಊರುಗೋಲು ಬಲಗೈಯಲ್ಲೇ ತಾನೇ?

ಪುಣೆ ಫಿಸಿಯೋ | ಭಾನುವಾರ, ರಾತ್ರಿ 9.35

ಅಲ್ಲ, ಎಡಗೈಯಲ್ಲಿ. ಕೋಲು ಯಾವಾಗಲೂ ನೋವಿನ ಮಂಡಿಯ ಎದುರು ಕೈಯಲ್ಲಿರಬೇಕು, ಬಲಗಾಲು ಮುಂದಿಡುವಾಗ ಕೋಲೂ ಜೊತೆಗೆ ಮುಂದೆ ಹೋಗಬೇಕು. ಮೆಟ್ಟಿಲಿಗೆ ಬಂದಾಗ ಒಂದು ಕೈ ಕಟಾಂಜನದ ಮೇಲಿರಲಿ. ಇಳಿಯುವಾಗ ನೋವಿನ ಕಾಲು ಮೊದಲು, ಹತ್ತುವಾಗ ಒಳ್ಳೆಯ ಕಾಲು ಮೊದಲು, ಒಂದೊಂದು ಮೆಟ್ಟಿಲಿಗೂ ಎರಡು ಕಾಲನ್ನೂ ಸೇರಿಸಿ ನಿಲ್ಲಲಿ. ಪ್ರತಿ ಮಹಡಿಯ ತಿರುವಿನಲ್ಲಿ ಒಂದು ಸ್ಟೂಲು ಇಡಿಸಿ. ನೀವು ಅವರಿಗಿಂತ ಒಂದು ಮೆಟ್ಟಿಲು ಕೆಳಗೆ ನಡೆಯಿರಿ.